ಒಂದೇ ಪೀಪಾಯಿ, ಮೂರು ಗ್ಲಾಸು: ಹೊಸ ಸಿಂಗಲ್ ಕಾಸ್ಕ್ ಸ್ಕಾಚ್‌ಗೆ ಅಂಕ ಕೊಡುವಾಗ

ಎಲ್ಲರಿಗೂ ನಮಸ್ಕಾರ.

ನಿಮ್ಮ ಮುಂದೆ ಮೂರು ಗ್ಲಾಸ್ ಇವೆ. ಒಂದೊಂದರಲ್ಲೂ 20 ಎಂ.ಎಲ್. ಸ್ಕಾಚ್ ವಿಸ್ಕಿ ಮಾತ್ರ. ದಯವಿಟ್ಟು ಈಗಲೇ ಯಾರೂ ಕುಡಿಯಬೇಡಿ. ಮೊದಲ ಎರಡು ಎಂಥವು ಎಂದು ಹೇಳುತ್ತೇನೆ. ಮೂರನೆಯದರ ಬಾಟಲಿಗೆ ಕಾಗದದ ಚೀಲ ಸುತ್ತಿದ್ದೇನೆ, ಅದರ ಹೆಸರು ಕೊನೆಗೆ. ಕಾರು ತಂದವರಿಗೆಂದು ಬಾಗಿಲ ಹತ್ತಿರ ಪುಟ್ಟ ಸೀಸೆಗಳನ್ನು ಇಟ್ಟಿದ್ದೇನೆ. ನಿಮ್ಮ ಪಾಲನ್ನು ಅದಕ್ಕೆ ಸುರಿದುಕೊಂಡು ಮನೆಗೆ ಒಯ್ಯಿರಿ. ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರ್‌ನಿಂದ ಚಾಲಕರಿಗೆ ಮಿತಿ 100 ಎಂ.ಎಲ್. ರಕ್ತಕ್ಕೆ 50 ಮಿಲಿಗ್ರಾಂ ಮದ್ಯಸಾರ. ಅದಕ್ಕೂ ಮುಂಚೆ ಇದ್ದ 80 ಈಗ ನಡೆಯುವುದಿಲ್ಲ. ಇವತ್ತು ನೀವು ಬರೀ ಮೂಸಿ ನೋಡಿದರೂ ಸಾಕು. ವಿಸ್ಕಿಗೆ ಅಂಕ ಕೊಡುವ ಈ ಕೆಲಸದಲ್ಲಿ ಮುಕ್ಕಾಲು ಪಾಲು ಮೂಗಿನದೇ.

ಮೊದಲು ಒಂದು ಲೆಕ್ಕ. ಅಂಗಡಿಯಲ್ಲಿ ಸಿಗುವ ಮಾಮೂಲಿ 12 ವರ್ಷದ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ವಿಸ್ಕಿ, ಒಂದೇ ಡಿಸ್ಟಿಲರಿಯದು, ನಿಜ. ಆದರೆ ಅದರಲ್ಲಿ ಹತ್ತಾರು ಪೀಪಾಯಿ, ಕೆಲವು ಸಲ ನೂರಾರು ಪೀಪಾಯಿ ಬೆರೆತಿರುತ್ತವೆ. ಹೋದ ವರ್ಷದ ರುಚಿಯೇ ಈ ವರ್ಷವೂ ಬರಬೇಕು ಎಂದು ಹಾಗೆ ಬೆರೆಸುತ್ತಾರೆ. ಸಿಂಗಲ್ ಕಾಸ್ಕ್ ಇದಕ್ಕೆ ಉಲ್ಟಾ. ಒಂದು ಪೀಪಾಯಿಯ ಮುಚ್ಚಳ ತೆಗೆದು, ಅದರಲ್ಲಿ ಇದ್ದಷ್ಟನ್ನೇ ಬಾಟಲಿಗೆ ತುಂಬುತ್ತಾರೆ. ಹಾಗ್ಸ್‌ಹೆಡ್ ಎಂಬ ಪೀಪಾಯಿ ಹಿಡಿಯುವುದು ಸುಮಾರು 250 ಲೀಟರ್. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಎಂದು ಇಲ್ಲಿಯವರು ಕರೆಯುವುದು ಇದನ್ನೇ. 12 ವರ್ಷ ಕಳೆದ ಮೇಲೆ ಉಳಿಯುವುದು 196 ಲೀಟರ್ ಆಸುಪಾಸು. 700 ಎಂ.ಎಲ್. ಬಾಟಲಿ ಲೆಕ್ಕದಲ್ಲಿ 280. ಅಷ್ಟೇ. ಇಡೀ ಲೋಕಕ್ಕೆ 280 ಬಾಟಲಿ.

ಇದೇ ಪೀಪಾಯಿ ನಮ್ಮ ಬೆಂಗಳೂರಿನಲ್ಲಿ ಇದ್ದಿದ್ದರೆ? ಅಲ್ಲಿ ಅಮೃತ್ ಡಿಸ್ಟಿಲರಿಯ ಗೋದಾಮಿನಲ್ಲಿ ವರ್ಷಕ್ಕೆ 10ರಿಂದ 12 ಶೇಕಡಾ ಹಾರಿಹೋಗುತ್ತದೆ. ನಡುವಿನ 11 ಹಿಡಿದು ಲೆಕ್ಕ ಹಾಕಿ: 12 ವರ್ಷಕ್ಕೆ ಉಳಿಯುವುದು ಬರೀ 60 ಚಿಲ್ಲರೆ ಲೀಟರ್. ಆ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಇದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದಕ್ಕೇ ಯಾರಾದರೂ ‘ಎಷ್ಟು ವರ್ಷದ್ದು?’ ಎಂದು ಕೇಳಿದರೆ, ‘ಎಲ್ಲಿಯ ವರ್ಷ?’ ಎಂದು ನಾನು ತಿರುಗಿ ಕೇಳುತ್ತೇನೆ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2009ರ ಸ್ಕಾಚ್ ವಿಸ್ಕಿ ನಿಯಮದಲ್ಲಿ ಐದು ಬಗೆ ಇವೆ. ‘ಸಿಂಗಲ್ ಕಾಸ್ಕ್’ ಆ ಐದರಲ್ಲಿ ಇಲ್ಲ. ಯಾವ ಬಗೆಯ ಸ್ಕಾಚ್ ಆದರೂ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಇರಬೇಕು, 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಇರಬೇಕು, ಮದ್ಯಸಾರ 40 ಶೇಕಡಾಕ್ಕಿಂತ ಕೆಳಗೆ ಇಳಿಯಬಾರದು. ನೀರು ಮತ್ತು ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಿಸುವಂತಿಲ್ಲ. ಇಷ್ಟು ಸಾಕು.

ಈಗ ನಾನು ಇಲ್ಲಿ ನಿಂತಿರುವ ಕಾರಣಕ್ಕೆ ಬರುತ್ತೇನೆ. ಹೊಸ ಸಿಂಗಲ್ ಕಾಸ್ಕ್ ಬಂದ ಸುದ್ದಿ ನಮಗೆ ತಿಳಿಯುವಷ್ಟರಲ್ಲಿ ಎಷ್ಟೋ ಸಲ ಅದು ಖಾಲಿಯಾಗಿರುತ್ತದೆ. ಕೆಲವಕ್ಕೆ ಚೀಟಿ ಎತ್ತುತ್ತಾರೆ. ನಾನು ಸ್ಯಾಂಪಲ್ ತರಿಸಿ, ಎರಡು ದಿನ ಕೂತು, 100ಕ್ಕೆ 86 ಎಂದು ಬರೆಯುವ ಹೊತ್ತಿಗೆ ಕೊಳ್ಳಲು ಒಂದು ಬಾಟಲಿಯೂ ಉಳಿದಿರುವುದಿಲ್ಲ. ಹಾಗಾದರೆ ಅಂಕ ಯಾರಿಗೆ? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಅಂಕ ಆ ಬಾಟಲಿಗಲ್ಲ, ಅದರ ತಮ್ಮಂದಿರಿಗೆ ಎಂದು ಈಗ ನನಗೆ ಅನಿಸುತ್ತದೆ. ಅದೇ ಡಿಸ್ಟಿಲರಿ, ಅದೇ ಬಗೆಯ ಮರ, ಅಷ್ಟೇ ವಯಸ್ಸು, ಅದೇ ಬಾಟ್ಲರ್, ಅಂದರೆ ಪೀಪಾಯಿ ಕೊಂಡು ಬಾಟಲಿಗೆ ತುಂಬಿ ಮಾರುವವರು. ಹೋದ ಪೀಪಾಯಿಯ ಬಗ್ಗೆ ಸರಿಯಾಗಿ ಬರೆದಿಟ್ಟರೆ, ಬರುವ ಪೀಪಾಯಿಗೆ ದುಡ್ಡು ಹಾಕಬೇಕೋ ಬೇಡವೋ ಎಂದು ಗೊತ್ತಾಗುತ್ತದೆ. ಹಾಗಾಗಿ ಬರೀ ಅಂಕ ಬರೆದರೆ ಏನೂ ಉಪಯೋಗವಿಲ್ಲ. ಮರ ಎಷ್ಟು ಮಾತಾಡಿತು, ಒಳಗಿನ ವಿಸ್ಕಿ ಎಷ್ಟು ಮಾತಾಡಿತು ಎಂಬುದನ್ನು ಬರೆಯಬೇಕು. ಸಿಂಗಲ್ ಕಾಸ್ಕ್‌ನಲ್ಲಿ ಮರದ ತಪ್ಪನ್ನು ಮುಚ್ಚಲು ಬೇರೆ ಪೀಪಾಯಿ ಇರುವುದಿಲ್ಲ, ಅಲ್ವಾ?

ಮೊದಲ ಗ್ಲಾಸ್ ಎತ್ತಿಕೊಳ್ಳಿ. ಇದು ಕಾಲ್ ಈಲಾ. ಐಲಾ ದ್ವೀಪದ ಅತಿ ದೊಡ್ಡ ಡಿಸ್ಟಿಲರಿ. ಅದರ ಹೆಚ್ಚು ಪಾಲು ಹಲವು ವಿಸ್ಕಿ ಬೆರೆಸಿ ಮಾಡುವ ಜಾನಿ ವಾಕರ್‌ನಂಥ ಬ್ಲೆಂಡ್‌ಗಳಿಗೆ ಹೋಗುತ್ತದೆ. ಪೀಪಾಯಿಗಳು ಹೊರಗಿನ ಬಾಟ್ಲರ್‌ಗಳ ಕೈಗೂ ಧಾರಾಳವಾಗಿ ಸಿಗುತ್ತವೆ. ಇದು 12 ವರ್ಷದ್ದು, ರಿಫಿಲ್ ಹಾಗ್ಸ್‌ಹೆಡ್‌ನಿಂದ ಬಂದದ್ದು. ರಿಫಿಲ್ ಎಂದರೆ ಈ ಪೀಪಾಯಿಯಲ್ಲಿ ಮೊದಲೇ ಒಂದು ಸಲ ಸ್ಕಾಚ್ ಇತ್ತು. ನಮ್ಮ ಮನೆಗಳಲ್ಲಿ ಅದೇ ಕಾಫಿ ಪುಡಿಗೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸುತ್ತಾರಲ್ಲ, ಮರ ಈಗ ಆ ಸ್ಥಿತಿಯಲ್ಲಿದೆ. ಕಾಫಿಗೆ ಎರಡನೇ ಡಿಕಾಕ್ಷನ್ ನೀರು ನೀರು. ವಿಸ್ಕಿಗೆ ಎಷ್ಟೋ ಸಲ ಅದೇ ಒಳ್ಳೆಯದು. ಮರ ಸುಮ್ಮನಿದ್ದಾಗ ಒಳಗಿನದು ಕೇಳಿಸುತ್ತದೆ.

ಮೂಗನ್ನು ಗ್ಲಾಸಿನ ಒಳಗೆ ತೂರಿಸಬೇಡಿ. ಇದರಲ್ಲಿ ಮದ್ಯಸಾರ 57 ಶೇಕಡಾ. ಬಾಯಿ ಸ್ವಲ್ಪ ತೆರೆದು, ಅಂಚಿನಲ್ಲಿ ಮೂಗಿಟ್ಟು, ಮೆಲ್ಲಗೆ. ಏನು ಬರುತ್ತಿದೆ? ಹೊಗೆ ಅಂತೀರಿ. ಸರಿ, ಯಾವ ಹೊಗೆ? ಊದುಬತ್ತಿಯದಾ, ಬೀಡಿಯದಾ, ಸೌದೆ ಒಲೆಯದಾ? ಬೆಳಗಿನ ಜಾವ ಬಚ್ಚಲೊಲೆಗೆ ಬೆಂಕಿ ಹಾಕಿದ್ದಾರೆ, ಹಂಡೆಯ ನೀರು ಕಾಯುತ್ತಿದೆ, ನೀವು ಟವೆಲ್ ಹಿಡಿದು ಕಾಯುತ್ತಿದ್ದೀರಿ. ನನಗೆ ಆ ಹೊಗೆ. ಅದರ ಹಿಂದೆ ನಿಂಬೆಸಿಪ್ಪೆ. ಅದರ ಹಿಂದೆ ಸ್ವಲ್ಪ ಟಿಂಚರ್ ಹಾಕಿದ ಹತ್ತಿಯ ವಾಸನೆ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು. ನಾನು ಶುರುವಿನಲ್ಲಿ ಟಿಪ್ಪಣಿ ಬರೆದದ್ದು ಇಂಗ್ಲಿಷಿನಲ್ಲಿ. ಗೂಸ್‌ಬೆರಿ, ಹೆದರ್ ಹೂವು, ಟಾಫಿ ಎಂದು ಬರೆಯುತ್ತಿದ್ದೆ. ಆಗ ನಾನು ಹೆದರ್ ಹೂವನ್ನು ಮೂಸಿಯೂ ಇರಲಿಲ್ಲ. ಯಾರೋ ಬರೆದದ್ದನ್ನು ನನ್ನ ಮೂಗಿಗೆ ಕಟ್ಟುತ್ತಿದ್ದೆ. ಕನ್ನಡದಲ್ಲಿ ಬರೆಯಲು ಶುರು ಮಾಡಿದ ಮೇಲೆ ಕಣ್ಣು ಬಿಟ್ಟಂತಾಯಿತು. ಅಮೆರಿಕದ ಓಕ್‌ನಿಂದ ಬರುವ ಲ್ಯಾಕ್ಟೋನ್ ಎಂಬ ವಸ್ತುವಿಗೆ ತೆಂಗಿನ ವಾಸನೆ ಎಂದು ಎಲ್ಲರೂ ಬರೆಯುತ್ತಾರೆ. ನಮಗೆ ಅದು ಹಸಿ ತೆಂಗಿನಕಾಯಿಯೋ, ಒಣ ಕೊಬ್ಬರಿಯೋ, ಕೊಬ್ಬರಿ ಎಣ್ಣೆಯೋ ಎಂದು ಬೇರೆ ಬೇರೆ ಹೇಳಲು ಬರುತ್ತದೆ. ಬಾಳೆಹಣ್ಣಿನ ವಾಸನೆ ಹುದುಗು ಬರುವಾಗಲೇ ಹುಟ್ಟುತ್ತದೆ. ನಮಗೆ ಪಚ್ಚಬಾಳೆ ಬೇರೆ, ಏಲಕ್ಕಿ ಬಾಳೆ ಬೇರೆ. ಇನ್ನು ‘ಒಗರು’ ಎಂಬ ಮಾತು! ಅಡಿಕೆ ಅಗಿದಾಗ, ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದಕ್ಕೆ ನಮ್ಮಲ್ಲಿ ಒಂದೇ ಚಿಕ್ಕ ಪದ ಇದೆ. ಓಕ್ ಮರದ ಗುಣ ಅಳೆಯಲು ಅದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಈಗ ಒಂದು ಗುಟುಕು. ನುಂಗುವ ಮುಂಚೆ ನಾಲಿಗೆಯ ಎಲ್ಲ ಕಡೆ ಆಡಿಸಿ. ಆಮೇಲೆ ಡ್ರಾಪರ್‌ನಿಂದ ನಾಲ್ಕು ಹನಿ ನೀರು ಹಾಕಿ ಮತ್ತೆ ಮೂಸಿ. ಹೊಗೆ ಮುಂದೆ ಬಂತು, ಅಲ್ವಾ? 2017ರಲ್ಲಿ ಸ್ವೀಡನ್‌ನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ನೋಡಿದರು. ಹೊಗೆಯ ವಾಸನೆ ಕೊಡುವ ವಸ್ತುಗಳಲ್ಲಿ ಗ್ವಾಯಕಾಲ್ ಒಂದು. ಮದ್ಯಸಾರ 59 ಶೇಕಡಾಕ್ಕಿಂತ ಜಾಸ್ತಿ ಇದ್ದಾಗ ಅದರ ಕಣಗಳ ಸುತ್ತ ಮದ್ಯಸಾರ ಮುತ್ತಿಕೊಂಡು ಒಳಗೇ ಉಳಿಯುತ್ತವೆ. ನೀರು ಬೆರೆತು 45ರವರೆಗೆ ಇಳಿದಾಗ ಮೇಲ್ಮೈಗೆ ಬರುತ್ತವೆ. ನೀರು ಹಾಕಿದರೆ ವಿಸ್ಕಿಗೆ ಅವಮಾನ ಎನ್ನುವವರ ಮಾತು ಕೇಳಬೇಡಿ. ನಾನು ನೀರಿಲ್ಲದೆ ಒಂದು ಸಲ, ನೀರಿನ ಜೊತೆ ಒಂದು ಸಲ ರುಚಿ ನೋಡದೆ ಯಾವ ಸಿಂಗಲ್ ಕಾಸ್ಕ್‌ಗೂ ಅಂಕ ಕೊಡುವುದಿಲ್ಲ.

ಇದಕ್ಕೆ ನನ್ನ ಅಂಕ 87.

100ಕ್ಕೆ 87 ಎಂದರೆ ಏನು ಅಂತ ಹೇಳಬೇಕು. ಹೆಸರಿಗೆ 100, ಆದರೆ ನಿಜವಾಗಿ ಬಳಸುವುದು 70ರಿಂದ 95ರ ನಡುವೆ ಮಾತ್ರ. ನನ್ನ ಲೆಕ್ಕದಲ್ಲಿ 80ರ ಕೆಳಗೆ ಬಂದರೆ ಎಲ್ಲೋ ತಪ್ಪಾಗಿದೆ. 80 ದಾಟಿದರೆ ಯಾರಾದರೂ ಕೊಟ್ಟಾಗ ಖುಷಿಯಿಂದ ಕುಡಿಯುತ್ತೇನೆ. 85 ದಾಟಿದರೆ ನನ್ನ ದುಡ್ಡಿನಲ್ಲಿ ಕೊಳ್ಳುತ್ತೇನೆ. 90 ಅಪರೂಪ. ಬೆಲೆಗೆ ಅಂಕ ಇಲ್ಲ, ಅದನ್ನು ಪಕ್ಕದಲ್ಲಿ ಬೇರೆ ಬರೆಯುತ್ತೇನೆ. ಬಾಟಲಿ ಕಡಿಮೆ ಇವೆ ಎಂಬುದಕ್ಕಂತೂ ಖಂಡಿತ ಇಲ್ಲ.

ವಯಸ್ಸಿಗೂ ಇಲ್ಲ ಎಂದು ನಾನು ನಂಬಿದ್ದೆ. ಕೆಲವು ವರ್ಷದ ಹಿಂದೆ 30 ವರ್ಷದ ಒಂದು ಪೀಪಾಯಿಯ ವಿಸ್ಕಿ ಸಿಕ್ಕಿತು. ಲೇಬಲ್ ನೋಡಿಕೊಂಡೇ ಕುಡಿದೆ. 91 ಬರೆದೆ. ಮೂರು ತಿಂಗಳಾದ ಮೇಲೆ ಒಬ್ಬ ಗೆಳೆಯ ಅದನ್ನೇ ಹೆಸರು ಹೇಳದೆ ಕೊಟ್ಟ. ನಾನು ಬರೆದದ್ದು 84. ‘ಮರ ಜಾಸ್ತಿ, ಒಗರು ಜಾಸ್ತಿ, ಹಣ್ಣು ಸತ್ತಿದೆ’ ಎಂಬ ಟಿಪ್ಪಣಿ ಬೇರೆ. ಏಳು ಅಂಕ ಲೇಬಲ್‌ಗೆ ಕೊಟ್ಟಿದ್ದೆ. ನನ್ನ ಮಾತು ನಂಬಿ ಅದನ್ನು ಕೊಂಡವರು ಇದ್ದರು. ನನಗೆ ಅವತ್ತು ನಿದ್ದೆ ಬರಲಿಲ್ಲ. ಅವತ್ತಿನಿಂದ ಮೊದಲ ಸಲ ಕಣ್ಣು ಕಟ್ಟಿದಂತೆಯೇ ಕುಡಿಯುತ್ತೇನೆ, ಆಮೇಲೆ ಲೇಬಲ್ ಓದುತ್ತೇನೆ.

ಎಡಿನ್‌ಬರೋದ ಲೀತ್‌ನಲ್ಲಿ 1983ರಲ್ಲಿ ಶುರುವಾದ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿ ಬಾಟಲಿಯ ಮೇಲೆ ಡಿಸ್ಟಿಲರಿಯ ಹೆಸರನ್ನೇ ಹಾಕುವುದಿಲ್ಲ. ಬರೀ ಸಂಖ್ಯೆ. 1 ಎಂದರೆ ಗ್ಲೆನ್‌ಫಾರ್ಕ್ಲಾಸ್, 29 ಎಂದರೆ ಲಫ್ರೋಯ್ಗ್, ಚುಕ್ಕೆಯ ಆಚೆ ಪೀಪಾಯಿಯ ಸಂಖ್ಯೆ. ಸಂಖ್ಯೆಯ ಗುಟ್ಟು ಈಗ ಎಲ್ಲರಿಗೂ ಗೊತ್ತು. ಆದರೂ ಹೆಸರಿಗಿಂತ ಮೊದಲು ರುಚಿ ಎನ್ನುವ ಆ ಕ್ರಮ ನನಗೆ ಇಷ್ಟ.

ಎರಡನೇ ಗ್ಲಾಸ್. ಬಣ್ಣ ನೋಡಿ, ಹುಣಸೆ ರಸದ ಹಾಗೆ ಕಪ್ಪು. ‘ವಾವ್’ ಎಂದಿರಿ, ನನಗೆ ಕೇಳಿಸಿತು. ಇದು ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ್ದು, ಬರೀ 9 ವರ್ಷ, ವಿಸ್ಕಿಯನ್ನು ಮೊದಲ ಸಲ ತುಂಬಿದ ಶೆರಿ ಪೀಪಾಯಿ. ಡಿಸ್ಟಿಲರಿಯ ಹೆಸರು ಹೇಳುವುದಿಲ್ಲ. ತಪ್ಪು ಅವರದಲ್ಲ. ಹಿಂದೆ ಸ್ಪೇನಿನಿಂದ ಶೆರಿ ವೈನ್ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಖಾಲಿಯಾದದ್ದನ್ನು ವಿಸ್ಕಿಯವರು ಕೊಳ್ಳುತ್ತಿದ್ದರು. ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕು ಎಂಬ ನಿಯಮ ಬಂದು 1980ರ ದಶಕದಲ್ಲಿ ಅದು ನಿಂತಿತು. ಈಗಿನ ಶೆರಿ ಪೀಪಾಯಿಗಳಲ್ಲಿ ಹೆಚ್ಚಿನವು ವಿಸ್ಕಿಗೆಂದೇ ಮಾಡಿಸಿದವು. ಹೊಸ ಮರದಲ್ಲಿ ಒಂದೆರಡು ವರ್ಷ ಶೆರಿ ಇಟ್ಟು ಹದ ಮಾಡುತ್ತಾರೆ. ಮರ ಹೊಸದಾದ್ದರಿಂದ ಅದರ ಜೋರು ಜಾಸ್ತಿ.

ಮೂಸಿ. ಖರ್ಜೂರ, ಒಣದ್ರಾಕ್ಷಿ, ಜೋನಿಬೆಲ್ಲ. ಚೆನ್ನಾಗಿದೆ. ಇನ್ನೊಂದು ನಿಮಿಷ ಬಿಟ್ಟು ಮತ್ತೆ ಮೂಸಿ. ದೀಪಾವಳಿಯ ಮಾರನೇ ಬೆಳಗ್ಗೆ ಬೀದಿಯಲ್ಲಿ ಇರುತ್ತದಲ್ಲ, ಸುಟ್ಟ ಪಟಾಕಿಯ ವಾಸನೆ? ಅದು ಗಂಧಕ. ಪೀಪಾಯಿ ಹಾಳಾಗದಿರಲು ಒಳಗೆ ಗಂಧಕದ ಬತ್ತಿ ಉರಿಸುವ ಪದ್ಧತಿ ಇದೆ. ಅದರ ಶೇಷ ಹೀಗೆ ಉಳಿದುಬಿಡುತ್ತದೆ. ಕೆಲವರ ಮೂಗಿಗೆ ಇದು ತಿಳಿಯುವುದೇ ಇಲ್ಲ. ನುಂಗಿದ ಮೇಲೆ ನಾಲಿಗೆ ಅಡಿಕೆ ಅಗಿದ ಹಾಗೆ ಒಣಗುತ್ತದೆ. ಬಾರ್ಲಿ ಎಲ್ಲಿ? ಹುಡುಕಿದೆ, ಸಿಗಲಿಲ್ಲ. ಇದು ಯಾವ ಡಿಸ್ಟಿಲರಿಯದಾದರೂ ಹೀಗೇ ಇರುತ್ತಿತ್ತು. ನನ್ನ ಅಂಕ 78. ಬಣ್ಣ ನೋಡಿ ಇದಕ್ಕೆ 90 ಕೊಟ್ಟವರಿದ್ದಾರೆ. ನಾನು ಒಪ್ಪುವುದಿಲ್ಲ.

ಲೇಬಲ್ ಓದುವಾಗ ಎರಡು ವಿಷಯ ಗಮನಿಸಿ. ಒಂದು, ಕೊನೆಯ ಕೆಲವು ತಿಂಗಳು ಬೇರೆ ಪೀಪಾಯಿಗೆ ಬದಲಿಸಿದ್ದನ್ನೂ ‘ಸಿಂಗಲ್ ಕಾಸ್ಕ್’ ಎಂದೇ ಮಾರುತ್ತಾರೆ. ಅದು ಮೋಸವಲ್ಲ, ಆದರೆ ಅದಕ್ಕೂ ಮುಂಚಿನ ವರ್ಷಗಳೆಲ್ಲ ಎಲ್ಲಿತ್ತು ಎಂದು ಬರೆದಿದೆಯಾ ನೋಡಿ. ಇನ್ನೊಂದು, ಟೀಸ್ಪೂನ್ ಮಾಲ್ಟ್. ತಮ್ಮ ಹೆಸರಿನಲ್ಲಿ ಹೊರಗಿನವರು ಮಾರಬಾರದು ಎಂದು ಕೆಲವು ಡಿಸ್ಟಿಲರಿಗಳು ಪೀಪಾಯಿಗೆ ಬೇರೆ ಮಾಲ್ಟ್‌ನ ಒಂದು ಚಮಚ ಸೇರಿಸಿ ಕೊಡುತ್ತವೆ. ಅಲ್ಲಿಗೆ ಕಾನೂನಿನ ಪ್ರಕಾರ ಅದು ಬ್ಲೆಂಡೆಡ್ ಮಾಲ್ಟ್. ‘ಬರ್ನ್‌ಸೈಡ್’ ಎಂದು ಕಂಡರೆ ಅದು ಗ್ಲೆನ್‌ಫಿಡಿಕ್‌ನ ಚಮಚ ಬಿದ್ದ ಬಾಲ್ವೆನಿ. ಹೆಸರು ಇಲ್ಲದ ಕಾರಣಕ್ಕೆ ಇವು ಅಗ್ಗವಾಗಿಯೂ ಸಿಗುತ್ತವೆ. ನನ್ನ ಮನೆಯ ಕಪಾಟಿನಲ್ಲಿ ಇಂಥವು ಯಾವಾಗಲೂ ಇರುತ್ತವೆ.

ಈಗ ಮೂರನೆಯದು. ಅರ್ಧ ಗಂಟೆಯಿಂದ ಗಾಳಿ ಕುಡಿದಿದೆ, ಹದವಾಗಿರುತ್ತದೆ. ನಾನೂ ಇದನ್ನು ಮೊದಲು ಕುಡಿದದ್ದು ಹೆಸರು ಗೊತ್ತಿಲ್ಲದೆ. ನೀವು ಸುಮ್ನೆ ಐದು ನಿಮಿಷ ಕೂತು, ಪಕ್ಕದವರ ಹಾಳೆ ನೋಡದೆ, ನಿಮ್ಮ ಮನೆಯ ಪದಗಳಲ್ಲೇ ಬರೆಯಿರಿ. ಆಮೇಲೆ ಅಂಕ.

ಆಯಿತಾ? ಹಿಂದಿನ ಸಾಲಿನಲ್ಲಿ ಅಮ್ಮ ಒಬ್ಬರು ‘ಆರಿಸಿದ ಮೇಣದಬತ್ತಿ, ಜೇನುಗೂಡು’ ಎಂದು ಬರೆದಿದ್ದಾರೆ. ಅವರು ಕುಡಿಯಲಿಲ್ಲ, ಮೂಸಿದ್ದು ಮಾತ್ರ. ಇಷ್ಟು ಸರಿಯಾಗಿ ನಾನು ಮೊದಲ ಸಲ ಹೇಳಿರಲಿಲ್ಲ. ಚೀಲ ತೆಗೆಯುತ್ತೇನೆ. ಇದು ಕ್ಲೈನ್‌ಲಿಶ್. ಉತ್ತರದ ಬ್ರೋರಾ ಊರಿನದು, ಈಗಿನ ಕಟ್ಟಡ 1967ರದು. 14 ವರ್ಷ, ರಿಫಿಲ್ ಹಾಗ್ಸ್‌ಹೆಡ್. ಭಟ್ಟಿ ಇಳಿಸುವಾಗ ಮೊದಲು ಮತ್ತು ಕೊನೆಗೆ ಬರುವ ದ್ರವವನ್ನು ಮತ್ತೆ ಬಳಸಲು ಒಂದು ತೊಟ್ಟಿಯಲ್ಲಿ ಹಿಡಿದಿಡುತ್ತಾರೆ. ಅದರ ಗೋಡೆಗೆ ಅಂಟುವ ಎಣ್ಣೆಯಂಥ ಪದರವನ್ನು ಇಲ್ಲಿ ಹಾಗೇ ಬಿಡುತ್ತಾರೆ. ಈ ಮೇಣ ಬರುವುದು ಅದರಿಂದ. ಒಂದು ಕಾಲದಲ್ಲಿ ಅದನ್ನು ಪೂರ್ತಿ ತೊಳೆದುಬಿಟ್ಟಾಗ ವಿಸ್ಕಿಯಲ್ಲಿ ಮೇಣವೇ ಇರಲಿಲ್ಲವಂತೆ. ಇಷ್ಟು ಸಣ್ಣ ವಿಷಯ 14 ವರ್ಷ ಮರದೊಳಗೆ ಉಳಿದು ನಿಮ್ಮ ಮೂಗಿಗೆ ತಲುಪಿದೆ. ನಾನು ಕೊಟ್ಟದ್ದು 90.

ಈ ಪೀಪಾಯಿ ಖಾಲಿ, ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಈ ಡಿಸ್ಟಿಲರಿಯ ರಿಫಿಲ್ ಹಾಗ್ಸ್‌ಹೆಡ್ ಇನ್ನೂ ಬರುತ್ತವೆ. ನಿಮ್ಮ ಹಾಳೆಗಳನ್ನು ಇಟ್ಟುಕೊಳ್ಳಿ.

ಯಾರು ಎಷ್ಟು ಕೊಟ್ಟಿರಿ? ಮುಂದಿನ ಸಾಲಿನಿಂದ ಶುರು ಮಾಡೋಣ.