ಬ್ರಸೆಲ್ಸ್‌ನಲ್ಲಿ ಖಾಲಿ ಉಳಿದ ಕುರ್ಚಿ

ಕೇಳುಗರೇ, ನಮಸ್ಕಾರ.

1965ರ ಜುಲೈ. ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಆರ್ಥಿಕ ಸಮುದಾಯದ, ಅಂದರೆ ಇವತ್ತಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪದ, ಮಂತ್ರಿಗಳ ಸಭೆ. ಆರು ದೇಶಗಳು ಬರಬೇಕಿತ್ತು, ಬಂದದ್ದು ಐದು. ಫ್ರಾನ್ಸ್ ಬರಲಿಲ್ಲ. ಅಲ್ಲಿದ್ದ ತನ್ನ ಪ್ರತಿನಿಧಿಯನ್ನೂ ಪ್ಯಾರಿಸ್‌ಗೆ ವಾಪಸ್ ಕರೆಸಿಕೊಂಡಿತು. ಹೆಚ್ಚುಕಡಿಮೆ ಏಳು ತಿಂಗಳು ಹೀಗೇ ನಡೆಯಿತು.

ಜಗಳ ಹುಟ್ಟಿದ್ದು ರೈತರಿಗೆ ಕೊಡಬೇಕಾದ ದುಡ್ಡಿನ ವಿಷಯದಲ್ಲಿ. ಸಮುದಾಯದ ಆಡಳಿತ ನೋಡಿಕೊಳ್ಳುವ ಆಯೋಗದ ಅಧ್ಯಕ್ಷ, ಜರ್ಮನಿಯ ವಾಲ್ಟರ್ ಹಾಲ್‌ಸ್ಟೈನ್ ಒಂದು ಯೋಜನೆ ಮುಂದಿಟ್ಟರು. ಹೊರಗಿನಿಂದ ಬರುವ ಸರಕಿನ ಸುಂಕ ನೇರವಾಗಿ ಸಮುದಾಯದ ಬೊಕ್ಕಸಕ್ಕೇ ಸೇರಲಿ, ಆ ಹಣದ ಮೇಲೆ ಯುರೋಪಿನ ಪಾರ್ಲಿಮೆಂಟಿಗೆ ಜಾಸ್ತಿ ಅಧಿಕಾರ ಇರಲಿ ಅಂತ. ಸ್ವಂತ ಆದಾಯ, ಸ್ವಂತ ಪಾರ್ಲಿಮೆಂಟು. ಒಕ್ಕೂಟ ಸರ್ಕಾರಕ್ಕೆ ಅಡಿಪಾಯ ಇದೇ ಅಲ್ವಾ? ಫ್ರಾನ್ಸಿನ ಅಧ್ಯಕ್ಷ ದ ಗಾಲ್‌ಗೆ ಇದು ತಕ್ಷಣ ಅರ್ಥವಾಯಿತು.

ಇನ್ನೂ ಒಂದು ಚಿಂತೆ ಅವರಿಗಿತ್ತು. 1966ರ ಜನವರಿಯಿಂದ ಹಲವು ವಿಷಯಗಳನ್ನು ಬಹುಮತದಿಂದ ತೀರ್ಮಾನಿಸಬೇಕಿತ್ತು. ಫ್ರಾನ್ಸ್, ಜರ್ಮನಿ, ಇಟಲಿಗೆ ತಲಾ 4 ಮತ. ಬೆಲ್ಜಿಯಂ, ನೆದರ್ಲೆಂಡ್ಸ್‌ಗೆ ತಲಾ 2. ಲಕ್ಸೆಂಬರ್ಗ್‌ಗೆ 1. ಒಟ್ಟು 17ರಲ್ಲಿ 12 ಸಿಕ್ಕರೆ ಸಾಕು. ಫ್ರಾನ್ಸ್ ಬೇಡ ಅಂದರೂ ಉಳಿದವರ ಕೈಯಲ್ಲಿ 13 ಇರುತ್ತಿತ್ತು.

ಜನ ಆರಿಸದ ಅಧಿಕಾರಿಗಳು ಒಂದು ದೇಶದ ಹಣೆಬರಹ ಬರೆಯಬಹುದೇ ಅನ್ನುವುದು ದ ಗಾಲ್ ಅವರ ತಕರಾರು. ಆ ಪ್ರಶ್ನೆ ನ್ಯಾಯವಾದದ್ದೇ ಅಂತ ನನಗನಿಸುತ್ತದೆ. ಆದರೆ ಆ ಅಧಿಕಾರಿಗಳನ್ನು ಲೆಕ್ಕ ಕೇಳಬಲ್ಲ ಪಾರ್ಲಿಮೆಂಟಿಗೆ ಬಲ ಕೊಡುವುದಕ್ಕೂ ಅವರು ಒಪ್ಪಲಿಲ್ಲವಲ್ಲ, ಅಲ್ಲೇ ಅವರ ವಾದ ಸೋಲುತ್ತದೆ.

ಅವರ ದೇಶದ ರೈತರಿಗೂ ಈ ಬಹಿಷ್ಕಾರ ಹಿಡಿಸಲಿಲ್ಲ. ತಮ್ಮ ಬೆಳೆಗೆ ಯುರೋಪಿನ ಮಾರುಕಟ್ಟೆ ಬೇಕು ಅಂತ ಅವರು ಕಾದಿದ್ದರು. ಡಿಸೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ಬಂತು. ದ ಗಾಲ್‌ಗೆ ಮತ ಹಾಕಬೇಡಿ ಅಂತ ಅಲ್ಲಿನ ದೊಡ್ಡ ರೈತ ಸಂಘವೇ ಕರೆ ಕೊಟ್ಟಿತು. ಮೊದಲ ಸುತ್ತಿನಲ್ಲಿ ಅವರಿಗೆ ಅರ್ಧದಷ್ಟು ಮತವೂ ಬರಲಿಲ್ಲ. ಎರಡನೇ ಸುತ್ತಿನಲ್ಲಿ ಎಡಪಂಥೀಯ ಅಭ್ಯರ್ಥಿ ಮಿತ್ತೆರಾಂ ಎದುರು ಸೆಣಸಿ ಗೆದ್ದರು. ದೇಶದ ಹಿತ ಯಾವುದು ಅಂತ ಹೇಳುವ ಹಕ್ಕು ಅಧ್ಯಕ್ಷರ ಅರಮನೆಗೆ ಎಷ್ಟಿದೆಯೋ ಹೊಲದಲ್ಲಿ ದುಡಿಯುವವರಿಗೂ ಅಷ್ಟೇ ಇದೆ.

1966ರ ಜನವರಿ ಕೊನೆಗೆ ಲಕ್ಸೆಂಬರ್ಗ್‌ನಲ್ಲಿ ರಾಜಿಯಾಯಿತು. ಬಹು ಮುಖ್ಯವಾದ ಹಿತದ ಪ್ರಶ್ನೆ ಬಂದರೆ ಎಲ್ಲರೂ ಒಪ್ಪುವವರೆಗೆ ಮಾತುಕತೆ ನಡೆಯಲಿ ಅಂತ ಫ್ರಾನ್ಸ್ ಬರೆಸಿತು. ಒಮ್ಮತ ಬಾರದಿದ್ದರೆ ಏನು ಮಾಡಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇದೆ ಅಂತಲೂ ಅದೇ ಕಾಗದದಲ್ಲಿ ದಾಖಲಾಯಿತು. ಆಮೇಲೆ ಸುಮಾರು ಇಪ್ಪತ್ತು ವರ್ಷ ಮತಕ್ಕೆ ಹಾಕಲು ಎಲ್ಲರೂ ಹಿಂಜರಿದರು. 1986ರ ಒಪ್ಪಂದ ಬಂದ ಮೇಲೆಯೇ ಬಹುಮತದ ದಾರಿ ಅಗಲವಾದದ್ದು.

ತೆರಿಗೆ, ವಿದೇಶಾಂಗ ನೀತಿ, ದೀರ್ಘಾವಧಿಯ ಬಜೆಟ್‌ಗೆ ಇವತ್ತಿಗೂ ಯುರೋಪಿಯನ್ ಒಕ್ಕೂಟದ 27 ದೇಶಗಳೂ ಒಪ್ಪಲೇಬೇಕು. 2023ರ ಡಿಸೆಂಬರಿನಲ್ಲಿ ಉಕ್ರೇನ್‌ಗೆ ಕೊಡಬೇಕಿದ್ದ 5,000 ಕೋಟಿ ಯೂರೋ ನೆರವಿಗೆ ಹಂಗೇರಿ ಒಂದೇ ಅಡ್ಡ ನಿಂತಿತು. ಯುದ್ಧದಲ್ಲಿ ಬೇಯುತ್ತಿದ್ದ ದೇಶ 2024ರ ಫೆಬ್ರವರಿ 1ರವರೆಗೆ ಕಾಯಬೇಕಾಯಿತು.