ಲೇಬಲ್ಲಿನ ಮೂಲೆಯ ಎರಡಕ್ಷರ

ನಮಸ್ಕಾರ. ಫ್ರಾನ್ಸಿನ ರೀಮ್ಸ್ ಊರಿನ ಒಂದು ಚಿಕ್ಕ ಹೋಟೆಲಿನಲ್ಲಿ ರಾತ್ರಿ ಊಟಕ್ಕೆ ಕೂತಿದ್ದೆ. ಪ್ಯಾರಿಸ್‌ನಿಂದ ವೇಗದ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಶಾಂಪೇನ್ ಸೀಮೆಯ ದೊಡ್ಡ ಊರು ಅದು. ಒಂದು ಗ್ಲಾಸ್ ಶಾಂಪೇನ್ ಕೇಳಿದೆ. ಬಡಿಸುವ ಹುಡುಗಿ ಉದ್ದನೆಯ ಸಣಕಲು ಗ್ಲಾಸ್ ತರಲಿಲ್ಲ, ಹೊಟ್ಟೆ ಅಗಲವಾದ ವೈನ್ ಗ್ಲಾಸ್ ತಂದಳು. ಬಾಟಲಿಯೂ ಮಂಜುಗಡ್ಡೆಯ ಹಾಗೆ ಕೊರೆಯುತ್ತಿರಲಿಲ್ಲ. ಒಂದು ಗುಟುಕು ಕುಡಿದೆ. ಮೊದಲು ಹುಳಿ ಸೇಬು. ಆಮೇಲೆ ಹುರಿದ ಬಾದಾಮಿ. ಕೊನೆಗೆ ನಾಲಿಗೆಯ ಅಂಚಿನಲ್ಲಿ ಉಪ್ಪುಪ್ಪು. ಅಲ್ಲಿಯವರೆಗೆ ಪಾರ್ಟಿಗಳಲ್ಲಿ ಕುಡಿದದ್ದಕ್ಕೂ ಇದಕ್ಕೂ ನಂಟೇ ಇಲ್ಲ ಅನ್ನಿಸಿತು.

ಇದು ಯಾರದ್ದು ಅಂತ ಕೇಳಿದೆ. ಅವಳು ಬಾಟಲಿ ತಿರುಗಿಸಿ ಲೇಬಲ್ಲಿನ ಮೂಲೆಯಲ್ಲಿ ಬೆರಳಿಟ್ಟಳು. ಇರುವೆಯಷ್ಟು ಸಣ್ಣ ಅಕ್ಷರ. ಆರ್, ಎಂ.

ರೆಕೋಲ್ತಾಂ ಮನಿಪ್ಯುಲಾಂ. ದ್ರಾಕ್ಷಿ ಬೆಳೆದವರೇ ವೈನ್ ಮಾಡಿದ್ದಾರೆ ಅಂತ ಅರ್ಥ. ಎನ್.ಎಂ. ಅಂತಿದ್ದರೆ ದ್ರಾಕ್ಷಿ ಕೊಂಡು ಮಾಡುವ ಕಂಪನಿ, ಸಿ.ಎಂ. ಅಂದರೆ ಸಹಕಾರ ಸಂಘ. ಆರ್.ಎಂ. ಅಂತ ಬರೆದುಕೊಳ್ಳುವವರು ಹೊರಗಿನಿಂದ ಶೇ 5ಕ್ಕಿಂತ ಜಾಸ್ತಿ ದ್ರಾಕ್ಷಿ ಕೊಳ್ಳುವಂತಿಲ್ಲ.

ಶಾಂಪೇನ್ ಸೀಮೆಯಲ್ಲಿ ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟವಿದೆ. ಬೆಳೆಗಾರರು ಸುಮಾರು 16,000. ತೋಟದ ಹೆಚ್ಚುಕಡಿಮೆ ಶೇ 90 ಭಾಗ ಅವರ ಕೈಯಲ್ಲೇ ಇದೆ. ಆದರೆ ಪ್ರಪಂಚಕ್ಕೆ ಗೊತ್ತಿರುವುದು ನಾಲ್ಕೈದು ದೊಡ್ಡ ಕಂಪನಿಗಳ ಹೆಸರು ಮಾತ್ರ. ಅವರು ಹತ್ತಾರು ಹಳ್ಳಿಗಳ, ಹಲವು ವರ್ಷಗಳ ವೈನ್ ಬೆರೆಸುತ್ತಾರೆ. ಯಾವ ವರ್ಷ ಕುಡಿದರೂ ಒಂದೇ ರುಚಿ ಇರಬೇಕು. ಅದೂ ದೊಡ್ಡ ವಿದ್ಯೆ, ಗೌರವಿಸುತ್ತೇನೆ. ಆದರೆ ಆ ಬೆರಕೆಯಲ್ಲಿ ಊರಿನ ರುಚಿ ಕರಗಿಹೋಗುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 1990ರ ದಶಕದವರೆಗೂ ಕಾಫಿ ಬೋರ್ಡಿನ ಪೂಲ್‌ಗೆ ಎಲ್ಲರ ಕಾಫಿಯೂ ಹೋಗುತ್ತಿತ್ತು. ಯಾರ ತೋಟದ್ದು ಅಂತ ಕುಡಿಯುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮಾರನೇ ದಿನ ಎಪೆರ್ನೇ ದಾಟಿ ಅವೀಜ್‌ಗೆ ಹೋದೆ. ಗ್ರಾನ್ ಕ್ರೂ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಅಂತ ಹೆಸರು ಪಡೆದ 17 ಹಳ್ಳಿಗಳಲ್ಲಿ ಅದೂ ಒಂದು. ಅಲ್ಲಿ ಬೆಳೆಯುವುದು ಶಾರ್ಡೊನೇ ಅನ್ನುವ ಬಿಳಿ ದ್ರಾಕ್ಷಿ. ನನಗೆ ತೋಟ ತೋರಿಸಿದ ಬೆಳೆಗಾರರು ಬಗ್ಗಿ ಒಂದು ಬಿಳಿ ಹೆಂಟೆ ಎತ್ತಿ ಕೈಗಿತ್ತರು. ಹಗುರ. ಬೆರಳಿಗೆಲ್ಲ ಬಿಳಿ ಪುಡಿ. ಸೀಮೆಸುಣ್ಣ! ನಾವು ಸ್ಕೂಲಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣದಂಥದ್ದೇ ಅಲ್ಲಿಯ ನೆಲ. ಮಳೆಯ ನೀರನ್ನು ಸ್ಪಂಜಿನ ಹಾಗೆ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ.

ಆಮೇಲೆ ನೆಲಮಾಳಿಗೆಗೆ ಇಳಿದೆವು. ಅಲ್ಲಿ ನೋಡಿದ್ದನ್ನು ನಾನು ಮರೆಯುವುದಿಲ್ಲ. ಶಾಂಪೇನಿನ ಗುಳ್ಳೆ ಹುಟ್ಟುವುದು ಬಾಟಲಿಯೊಳಗೇ, ಎರಡನೇ ಸಲ ಹುದುಗು ಬಂದಾಗ. ಆ ಹುದುಗಿನ ಗಸಿ ಒಳಗೇ ಉಳಿಯುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟು ಗಸಿಯನ್ನು ಕುತ್ತಿಗೆಗೆ ಇಳಿಸುತ್ತಾರೆ. ಅವರು ಅಂಥ ಒಂದು ಬಾಟಲಿಯನ್ನು ತೊಡೆಗೆ ಆನಿಸಿ ಹಿಡಿದರು. ಮುಚ್ಚಳಕ್ಕೆ ಇಕ್ಕಳ ಹಾಕಿ, ಬಾಟಲಿಯನ್ನು ಮೇಲೆತ್ತುತ್ತಲೇ ತೆಗೆದರು. ಢಬ್! ಒಳಗಿನ ಒತ್ತಡ ಸುಮಾರು 6 ಅಟ್ಮಾಸ್ಫಿಯರ್. ಗಸಿ ಹಾರಿಹೋಯಿತು. ತಕ್ಷಣ ಹೆಬ್ಬೆರಳು ಬಾಯಿಗೆ ಒತ್ತಿದರು. ಮೂಗಿಗೆ ಹಿಡಿದು ನೋಡಿ ತಲೆಯಾಡಿಸಿದರು. ಕಡಿಮೆಯಾದಷ್ಟನ್ನು ಅದೇ ವೈನಿನಿಂದ ತುಂಬಿದರು. ಸಾಮಾನ್ಯವಾಗಿ ಈ ಹಂತದಲ್ಲಿ ಸ್ವಲ್ಪ ಸಕ್ಕರೆ ಸೇರಿಸುತ್ತಾರೆ, ಇವರು ಒಂದು ಚೂರೂ ಹಾಕಲಿಲ್ಲ. ಬ್ರೂಟ್, ಅಂದರೆ ಸಿಹಿ ಕಡಿಮೆ, ಅಂತ ಮಾರುವುದರಲ್ಲಿ ಲೀಟರಿಗೆ 12 ಗ್ರಾಂವರೆಗೂ ಸಕ್ಕರೆ ಇರಬಹುದು, ಗೊತ್ತಾ?

ಎಲ್ಲ ದ್ರಾಕ್ಷಿಯೂ ನಿಮ್ಮ ಬಾಟಲಿಗೇ ಹೋಗುತ್ತದಾ ಅಂತ ಕೇಳಿದೆ. ಇಲ್ಲ, ಒಂದು ಪಾಲನ್ನು ಈಗಲೂ ಕಂಪನಿಗೆ ಮಾರುತ್ತೇನೆ, ಅಂದರು. ವೈನ್ ವರ್ಷಗಟ್ಟಲೆ ಕತ್ತಲಲ್ಲಿ ಮಲಗಿರುತ್ತದೆ, ಮನೆ ಖರ್ಚು ಕಾಯುವುದಿಲ್ಲ.

ಇದು ಹಳೆಯ ಸಂಕಟ. 1910ರಲ್ಲಿ ಬೆಳೆ ಪೂರ್ತಿ ಕೈಕೊಟ್ಟಿತ್ತು. ಕಂಪನಿಗಳು ಹೊರಗಿನಿಂದ ಅಗ್ಗದ ದ್ರಾಕ್ಷಿ, ವೈನ್ ತರಿಸಿ ಶಾಂಪೇನ್ ಅಂತ ಮಾರುತ್ತಿವೆ ಅಂತ ಬೆಳೆಗಾರರು ಸಿಡಿದೆದ್ದರು. 1911ರಲ್ಲಿ ಆಯಿ ಅನ್ನುವ ಊರಿನಲ್ಲಿ ಕಂಪನಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು. ಸೈನ್ಯ ಬರಬೇಕಾಯಿತು. ಆ ಸಿಟ್ಟನ್ನು ತಿಳಿದುಕೊಂಡ ಮೇಲೆ ನನಗೆ ಆ ಎರಡಕ್ಷರ ಸುಮ್ನೆ ಅಚ್ಚಾದ ಗುರುತು ಅನ್ನಿಸುವುದಿಲ್ಲ.

ತಾವೇ ವೈನ್ ಮಾಡುವ ಬೆಳೆಗಾರರಲ್ಲಿ ಇಬ್ಬರ ಹೆಸರು ಹೇಳುತ್ತೇನೆ. ಅದೇ ಅವೀಜ್‌ನ ಆನ್ಸೆಲ್ಮ್ ಸೆಲೋಸ್ 1970ರ ದಶಕದಲ್ಲಿ ಅಪ್ಪನ ತೋಟಕ್ಕೆ ಬಂದವರು. ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಯಲ್ಲಿ ಓದಿ, ಅಲ್ಲಿಯ ಹಾಗೆ ಇಳುವರಿ ಇಳಿಸಿ, ಓಕ್ ಪೀಪಾಯಿಯಲ್ಲಿ ವೈನ್ ಮಾಡಿದರು. ಗ್ಯೂ ಹಳ್ಳಿಯ ಜೆರೋಮ್ ಪ್ರೆವೋ ಸುಮಾರು 2 ಹೆಕ್ಟೇರ್ ತೋಟದಲ್ಲಿ ಮ್ಯೂನಿಯೇ ಬೆಳೆಯುತ್ತಾರೆ. ಬೆರಕೆಗೆ ಮಾತ್ರ ಲಾಯಕ್ಕು ಅಂತ ಎಲ್ಲರೂ ಹಗುರವಾಗಿ ಕಾಣುತ್ತಿದ್ದ ದ್ರಾಕ್ಷಿ ಅದು.

ಎಪೆರ್ನೇಯಲ್ಲಿ ಒಂದು ಸಂಜೆ ಮೂರು ಗ್ಲಾಸ್ ಪಕ್ಕಪಕ್ಕ ಇಟ್ಟು ಕುಡಿದೆ. ಅವೀಜ್‌ನ ಶಾರ್ಡೊನೇ ನಿಂಬೆಯ ಹಾಗೆ ನೆಟ್ಟಗೆ. ಆಂಬೊನೇ ಹಳ್ಳಿಯ ಪಿನೋ ನ್ವಾರ್ ಅನ್ನುವ ಕಪ್ಪು ದ್ರಾಕ್ಷಿಯದು ದಪ್ಪ, ಕೆಂಪು ಹಣ್ಣಿನ ವಾಸನೆ. ಮಾರ್ನ್ ಕಣಿವೆಯ ಮ್ಯೂನಿಯೇ ಹಣ್ಣಾದ ಪೇರಲೆಯ ಹಾಗೆ ಮೆತ್ತಗೆ. ಮೂರಕ್ಕೂ ಹೆಸರು ಒಂದೇ, ಶಾಂಪೇನ್. ಇಷ್ಟು ದೂರ ದೂರದ ರುಚಿಗಳನ್ನು ಒಂದೇ ಹೆಸರಿನಿಂದ ಕರೆದು, ಚಿಯರ್ಸ್ ಅಂದು ಮುಗಿಸುತ್ತೇವಲ್ಲ ಅಂತ ಬೇಜಾರಾಯಿತು.

ಆರ್.ಎಂ. ಅಂತಿದ್ದ ಮಾತ್ರಕ್ಕೆ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಕಳೆನಾಶಕ ಸುರಿದು, ಜಾಸ್ತಿ ಇಳುವರಿ ತೆಗೆದು, ನೀರು ನೀರಾದ ವೈನ್ ಮಾಡುವವರೂ ಇದ್ದಾರೆ. ಒಂದು ಕಾಲದಲ್ಲಿ ಪ್ಯಾರಿಸ್ ನಗರದ ಕಸವನ್ನೇ ಗೊಬ್ಬರ ಅಂತ ಅಲ್ಲಿಯ ತೋಟಗಳಿಗೆ ಹಾಕುತ್ತಿದ್ದರು. ಅದರ ನೀಲಿ ಪ್ಲಾಸ್ಟಿಕ್ ಚೂರುಗಳು ಮಣ್ಣಿನಲ್ಲಿ ಬಹಳ ವರ್ಷ ಉಳಿದವು. ಆದ್ದರಿಂದ ಕೇಳಿ. ಯಾವ ಹಳ್ಳಿಯದು, ಗಸಿ ತೆಗೆದದ್ದು ಯಾವಾಗ, ಸಕ್ಕರೆ ಎಷ್ಟು. ಒಳ್ಳೆಯ ಬೆಳೆಗಾರರು ಇದನ್ನು ಹಿಂದಿನ ಲೇಬಲ್ಲಿನಲ್ಲೇ ಬರೆದಿರುತ್ತಾರೆ. ಬೆಂಗಳೂರಿನಲ್ಲಿ ಇಂಥ ಬಾಟಲಿ ಸಿಗುವುದು ಅಪರೂಪ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್ ಕಡೆ ಇರುವ ಕನ್ನಡಿಗರೇ, ನಿಮಗೆ ಸುಲಭ. ಊಟದ ಜೊತೆ ಕುಡಿಯಿರಿ, ಹುರಿದ ಕೋಳಿಯ ಜೊತೆ. ಗ್ಲಾಸ್ ಅಗಲವಾಗಿರಲಿ, ಸ್ವಲ್ಪ ಬೆಚ್ಚಗಾಗಲು ಬಿಡಿ.

ಸೆಪ್ಟೆಂಬರ್ ಕೊಯ್ಲಿಗೆ ಬಾ ಅಂತ ಅವೀಜ್‌ನವರು ಕರೆದಿದ್ದಾರೆ. ಅಲ್ಲಿ ಯಂತ್ರದಿಂದ ಕೊಯ್ಯುವಂತಿಲ್ಲ, ಪ್ರತಿ ಗೊಂಚಲನ್ನೂ ಕೈಯಲ್ಲೇ ಬಿಡಿಸಬೇಕು. ನಾನು ಟಿಕೆಟ್ ನೋಡುತ್ತಿದ್ದೇನೆ.