ನೀಲಗಿರಿಯ ತವರಿಗೆ ಒಂದು ದಿನದ ಬಸ್ಸು

ನಮಸ್ಕಾರ ಕೇಳುಗರೆ.

ನಾನು ಚಿಕ್ಕಬಳ್ಳಾಪುರದ ಕಡೆಯವನು. ಮನೆಯ ತಾರಸಿ ಹತ್ತಿದರೆ ನಂದಿ ಬೆಟ್ಟ ಎದುರಿಗೇ ಕಾಣುತ್ತದೆ. ಅಂಥವನು ಆಸ್ಟ್ರೇಲಿಯಾದಲ್ಲಿ ತಲೆಗೆ ನೂರು ಚಿಲ್ಲರೆ ಡಾಲರ್ ತೆತ್ತು, ಬಸ್ಸಿನಲ್ಲಿ ಕೂತು, ಗೈಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು ಬೆಟ್ಟ ನೋಡಿ ಬಂದೆ ಅಂದರೆ ಊರಿನವರು ನಗದೇ ಇರುತ್ತಾರಾ? ನಕ್ಕಿದ್ದೂ ಆಯಿತು. ನನ್ನ ಭಾವಮೈದುನನಂತೂ, "ಇಲ್ಲೇ ಬೆಳಿಗ್ಗೆ ಎದ್ದು ಬೈಕ್ ಹತ್ತಿದ್ರೆ ಮುಗೀತಿತ್ತಲ್ಲ ಭಾವ" ಅಂದ. ಅವನಿಗೆ ಕೊಟ್ಟ ಉತ್ತರವನ್ನೇ ಇವತ್ತು ನಿಮಗೂ ಹೇಳುತ್ತೇನೆ, ಸ್ವಲ್ಪ ಉದ್ದ ಮಾಡಿ.

ಮಗಳು ಸಿಡ್ನಿಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಅವಳ ಮನೆಗೆ ಹೋಗಿದ್ದೆವು. ಜೂನ್ ಅಂದರೆ ಅಲ್ಲಿ ಚಳಿಗಾಲ. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಬ್ಲೂ ಮೌಂಟನ್ಸ್ ಅನ್ನೋ ಜಾಗ. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಎರಡು ಗಂಟೆಯಲ್ಲಿ ಕಟೂಂಬಾ ಅನ್ನೋ ಊರಿಗೆ ಬಿಡುತ್ತದೆ. ಟಿಕೆಟ್ಟೂ ಅಗ್ಗ. ನಾವು ಹಾಗೇ ಹೋಗೋಣ ಅಂದೆವು. ಮಗಳು ಒಪ್ಪಲಿಲ್ಲ. "ಅಪ್ಪ, ನನಗೆ ರಜ ಇಲ್ಲ. ನೀವಿಬ್ರೇ ಹೋಗಿ ಆ ಚಳೀಲಿ ಸ್ಟೇಷನ್ನಿಂದ ಎಲ್ಲಿಗೆ ಹೋಗ್ಬೇಕು ಅಂತ ನಿಂತ್ಕೊಳ್ಳೋದು ಬೇಡ" ಅಂತ ಒಂದು ದಿನದ ಗೈಡೆಡ್ ಟೂರ್ ಬುಕ್ ಮಾಡಿಯೇ ಬಿಟ್ಟಳು. ಬುಕ್ ಆದ ಮೇಲೆ ಗೊತ್ತಾಯಿತು, ಅಲ್ಲಿನ ಬೆಟ್ಟದ ರೈಲಿಗೆ ಟಿಕೆಟ್ ಬೇರೆ ಅಂತ. ಬುಕಿಂಗ್ ಪುಟದಲ್ಲಿ ಕೆಳಗೆಲ್ಲೋ ಇರುವೆ ಸಾಲಿನ ಹಾಗೆ ಅದನ್ನು ಬರೆದಿದ್ದರು. ಅವಳು ಫೋನು ಮಾಡಿ ಜಗಳ ಆಡಿದಳು. ಪ್ರಯೋಜನ ಆಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಬಸ್ಸು. ಇಪ್ಪತ್ತು ಸೀಟಿನದು. ಡ್ರೈವರೇ ಗೈಡು, ಗೈಡೇ ಡ್ರೈವರು. ಅರವತ್ತು ದಾಟಿದ ಮನುಷ್ಯ, ಕೆನ್ನೆಯ ಪಕ್ಕ ಒಂದು ಮೈಕ್ ಸಿಕ್ಕಿಸಿಕೊಂಡು ಗಾಡಿ ಓಡಿಸುತ್ತಲೇ ಮಾತಾಡುತ್ತಿದ್ದರು. ಮೊದಲು ಹೇಳಿದ್ದು ಒಂದೇ ಮಾತು. ನಾನು ಹೇಳಿದ ಟೈಮಿಗೆ ಬಸ್ಸಿನಲ್ಲಿ ಇಲ್ಲದಿದ್ದರೆ ವಾಪಸ್ ಹೋಗಲು ರೈಲಿದೆ, ಒಳ್ಳೆಯ ರೈಲು. ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ, ತಕ್ಷಣ ವಾಚು ನೋಡಿಕೊಂಡಳು.

ಪೆನ್ರಿತ್ ದಾಟಿ ನೆಪಿಯನ್ ನದಿಯ ಸೇತುವೆ ಆದ ಮೇಲೆ ರಸ್ತೆ ಏರುತ್ತದೆ. ಏರುತ್ತದೆ ಅನ್ನೋದು ಕಿವಿ ಗುಂಯ್ ಅಂದಾಗ ಗೊತ್ತಾಗುತ್ತದೆ, ಕಣ್ಣಿಗೆ ಏನೂ ಇಲ್ಲ. ಎರಡೂ ಕಡೆ ಮನೆಗಳು, ಶಾಲೆ, ಪೆಟ್ರೋಲ್ ಬಂಕು, ಮತ್ತೆ ಮನೆಗಳು. ಒಂದು ಗಂಟೆ ಹೀಗೇ ಆಯಿತು. "ಏನ್ರೀ, ಬೆಟ್ಟ ಎಲ್ರೀ?" ಅಂದಳು ಇವಳು. ನನಗೂ ಅದೇ ಅನುಮಾನ. ನಮ್ಮ ಲೆಕ್ಕದಲ್ಲಿ ಬೆಟ್ಟ ಅಂದರೆ ದೂರದಿಂದಲೇ ಕಾಣಬೇಕು, ನಂದಿಯ ಹಾಗೆ, ಬಯಲಿನಲ್ಲಿ ಎತ್ತು ಮಲಗಿದ ಹಾಗೆ.

ನಮ್ಮ ಮುಖ ಕನ್ನಡಿಯಲ್ಲಿ ಕಂಡಿತೋ ಏನೋ, ಗೈಡ್ ಆಗ ಹೇಳಿದರು. ನೀವು ಬೆಟ್ಟದ ಮೇಲೇ ಇದ್ದೀರಿ, ಇದು ಬೆಟ್ಟವೇ ಅಲ್ಲ ಅಂತ. ಅಂದರೆ ಇದೊಂದು ದೊಡ್ಡ ಮರಳುಗಲ್ಲಿನ ಪ್ರಸ್ಥಭೂಮಿ. ನದಿಗಳು ಲಕ್ಷಾಂತರ ವರ್ಷ ಅದನ್ನು ಕೊರೆದು ಕೊರೆದು ಕಣಿವೆ ಮಾಡಿವೆ. ಇಲ್ಲಿ ತಲೆ ಎತ್ತಿ ಬೆಟ್ಟ ನೋಡುವುದಲ್ಲ, ಅಂಚಿಗೆ ಹೋಗಿ ತಲೆ ಬಗ್ಗಿಸಿ ನೋಡುವುದು. ಕಟೂಂಬಾ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಚಿಲ್ಲರೆ ಎತ್ತರದಲ್ಲಿ. ನಮ್ಮ ಮನೆ ಇರುವುದೇ 900 ಮೀಟರ್ ಮೇಲೆ, ನಂದಿ ಬೆಟ್ಟದ ತುದಿ 1478 ಮೀಟರ್. ಎತ್ತರದ ಲೆಕ್ಕದಲ್ಲಿ ಗೆದ್ದಿದ್ದು ನಾವೇ ಅಂತ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಈ ವಿಷಯ ಗೊತ್ತಾದ ಮೇಲೆ ಅವರು ಹೇಳಿದ ಚರಿತ್ರೆಯೂ ಅರ್ಥವಾಯಿತು. ಬ್ರಿಟಿಷರು ಸಿಡ್ನಿಯಲ್ಲಿ ವಸಾಹತು ಹಾಕಿದ್ದು 1788ರಲ್ಲಿ. ಆಚೆ ಬದಿಗೆ ದಾಟಲು ಅವರಿಗೆ 25 ವರ್ಷ ಹಿಡಿಯಿತು. ಕಣಿವೆಯಲ್ಲಿ ಹೋದರೆ ದಾರಿ ಸಿಗುತ್ತದೆ ಅಂದುಕೊಂಡು ನದಿಯ ಜಾಡು ಹಿಡಿದು ಹೋಗುವುದು, ಕೊನೆಗೆ ನೆಟ್ಟಗೆ ನಿಂತ ಬಂಡೆ ಗೋಡೆಗೆ ಮುಖ ಕೊಟ್ಟು ವಾಪಸ್ ಬರುವುದು. 1813ರ ಮೇ ತಿಂಗಳಲ್ಲಿ ಬ್ಲಾಕ್ಸ್‌ಲ್ಯಾಂಡ್, ಲಾಸನ್, ವೆಂಟ್‌ವರ್ತ್ ಅನ್ನೋ ಮೂವರು ಕಣಿವೆ ಬಿಟ್ಟು ಮೇಲಿನ ದಿಣ್ಣೆಯ ಬೆನ್ನು ಹಿಡಿದು ಹೋದರು. ಮೂರು ವಾರದಲ್ಲಿ ಆ ಕಡೆ ಹುಲ್ಲುಗಾವಲು ಕಂಡಿತು. ಮುಂದೆ ವಿಲಿಯಂ ಕಾಕ್ಸ್ ಅನ್ನುವವನು ಮೂವತ್ತು ಜನ ಕೈದಿಗಳನ್ನು ಹಾಕಿಕೊಂಡು ಆರು ತಿಂಗಳಲ್ಲಿ 101 ಮೈಲಿ ರಸ್ತೆ ಮಾಡಿದ. ಈಗಿನ ಹೆದ್ದಾರಿ, ರೈಲು, ಮನೆಗಳ ಸಾಲು ಎಲ್ಲ ಆ ದಿಣ್ಣೆಯ ಮೇಲೇ ಇವೆ. ಅದಕ್ಕೇ ಬೆಟ್ಟ ಕಾಣದೆ ಬರೀ ಮನೆ ಕಂಡಿದ್ದು! ಗೈಡ್ ಇನ್ನೊಂದು ಮಾತನ್ನೂ ಸೇರಿಸಿದರು. ಈ ಮೂವರು "ಕಂಡುಹಿಡಿಯುವ" ಸಾವಿರಾರು ವರ್ಷ ಮೊದಲಿಂದ ಗುಂಡುಂಗುರ್ರಾ, ದಾರುಗ್ ಜನ ಇಲ್ಲಿ ಓಡಾಡಿಕೊಂಡೇ ಇದ್ದರು. ಅವರನ್ನು ಯಾರೂ ದಾರಿ ಕೇಳಿದ ಹಾಗಿಲ್ಲ.

ಇನ್ನು ಎಕೋ ಪಾಯಿಂಟ್. ಫೋಟೋಗಳಲ್ಲಿ ನೋಡಿರುತ್ತೀರಿ, ಕಣಿವೆಯ ಅಂಚಿನಲ್ಲಿ ಅಕ್ಕಪಕ್ಕ ನಿಂತ ಮೂರು ಕಲ್ಲಿನ ಕಂಬಗಳು, ತ್ರೀ ಸಿಸ್ಟರ್ಸ್ ಅನ್ನುತ್ತಾರೆ. ನಾವು ಇಳಿದಾಗ ಎದುರಿಗೆ ಇದ್ದದ್ದು ಒಂದು ಕಬ್ಬಿಣದ ಕಟಕಟೆ. ಅದರಾಚೆ ಹಾಲು. ಅಕ್ಕತಂಗಿಯರೂ ಇಲ್ಲ, ಕಣಿವೆಯೂ ಇಲ್ಲ, ಬರೀ ಬಿಳಿ ಮಂಜು. ನಂದಿಯಲ್ಲಿ ಇದೇ ಮಂಜಿಗೆ ಬೆಂಗಳೂರಿನವರು ರಾತ್ರಿ ಎರಡಕ್ಕೆ ಎದ್ದು ಬರುತ್ತಾರೆ, ಇಲ್ಲಿ ಅದೇ ಮಂಜಿಗೆ ಎಲ್ಲರೂ ಶಾಪ ಹಾಕುತ್ತಿದ್ದರು. ಒಬ್ಬ ಹುಡುಗ ಮಂಜಿನ ಮುಂದೆಯೇ ಸೆಲ್ಫಿ ತೆಗೆದುಕೊಂಡ. ನನಗಂತೂ ಡಾಲರು ರೂಪಾಯಿಯಾಗಿ ಕಣ್ಣ ಮುಂದೆ ಸುತ್ತುತ್ತಿತ್ತು.

ಗೈಡ್ ಇದ್ದದ್ದಕ್ಕೆ ಬೆಲೆ ಬಂದದ್ದು ಇಲ್ಲಿ. ನಾವಿಬ್ಬರೇ ಬಂದಿದ್ದರೆ ಅರ್ಧ ಗಂಟೆ ನಡುಗಿ, ಕಾಫಿ ಕುಡಿದು, ರೈಲು ಹತ್ತುತ್ತಿದ್ದೆವು. ಅವರು ಮೋಡ ನೋಡಿ, ಗಾಳಿ ಯಾವ ಕಡೆ ಅಂತ ನೋಡಿ, ಹತ್ತಿ, ಹತ್ತಿ, ಮೊದಲು ಕೆಳಗೆ ಹೋಗೋಣ, ಮಂಜು ಮೇಲಿದೆ, ಕೆಳಗಿಲ್ಲ ಅಂದರು. ದಿನದ ಪ್ಲಾನ್ ಪೂರ್ತಿ ತಿರುಗಿಸಿಬಿಟ್ಟರು.

ಕೆಳಗೆ ಹೋಗುವುದು ಒಂದು ರೈಲಿನಲ್ಲಿ. ಇದಕ್ಕೇ ಬೇರೆ ಟಿಕೆಟ್ ಅಂದೆನಲ್ಲ, ಅದು. ಉದ್ದ 310 ಮೀಟರ್ ಅಷ್ಟೆ. ಆದರೆ ಇಳಿಜಾರು 52 ಡಿಗ್ರಿ. ಪ್ರಯಾಣಿಕರ ರೈಲುಗಳಲ್ಲಿ ಜಗತ್ತಿನಲ್ಲೇ ಅತಿ ಕಡಿದಾದದ್ದು ಅಂತ ಹೆಸರು. ಮೊದಲು ಅದು ಕಲ್ಲಿದ್ದಲು ಗಣಿಯ ಟ್ರಾಲಿ ದಾರಿಯಾಗಿತ್ತು, ಕೆಳಗಿನ ಗಣಿಯಿಂದ ಕಲ್ಲಿದ್ದಲು ಮೇಲೆ ಎಳೆಯಲು. ಗಣಿ ಕೈಕೊಟ್ಟ ಮೇಲೆ 1945ರಲ್ಲಿ ಒಂದು ಕುಟುಂಬ ಅದನ್ನು ವಹಿಸಿಕೊಂಡು ಜನರನ್ನು ಕೂರಿಸಿ ಓಡಿಸಲು ಶುರು ಮಾಡಿತು. ಗಣಿಯ ಮಾತು ಬಂದಾಗ ನನಗೆ ಕೆಜಿಎಫ್ ನೆನಪಾಯಿತು. ನಮ್ಮ ಜಿಲ್ಲೆಯ ಪಕ್ಕದಲ್ಲೇ ಅಷ್ಟು ದೊಡ್ಡ ಗಣಿ ಮುಚ್ಚಿ ಕೂತಿದೆ. ಇರಲಿ, ಅದು ಬೇರೆ ಭಾಷಣ.

ರೈಲು ಹೊರಟಾಗ ಇವಳು ನನ್ನ ತೋಳು ಹಿಡಿದದ್ದು ಬಿಟ್ಟದ್ದು ಕೆಳಗೆ ಇಳಿದ ಮೇಲೆಯೇ. ಮೂಗಿನ ಮುಂದೆ ನೇರ ಪಾತಾಳ. ಒಂದು ಬಂಡೆ ಸಂದಿಯ ಕತ್ತಲೆ ದಾಟಿತು, ಮೋಡ ತಲೆಯ ಮೇಲೆ ಉಳಿಯಿತು, ಕೆಳಗೆ ಹಸಿರು ಕಾಡು.

ಆ ಕಾಡಿನಲ್ಲಿ ಹಲಗೆ ಹಾಸಿದ ಕಾಲುದಾರಿ ಇದೆ. ತೆಂಗಿನ ಸಸಿಯಷ್ಟು ಎತ್ತರದ ಜರಿಗಿಡಗಳು, ಪಾಚಿ ಕಟ್ಟಿದ ಬಂಡೆಗಳು, ಹನಿಯುವ ನೀರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಒಂದು ವಾಸನೆ ಬಂತು. ನನಗೆ ಚೆನ್ನಾಗಿ ಗೊತ್ತಿರುವ ವಾಸನೆ. ನೆಗಡಿ ಬಂದಾಗ ಅವ್ವ ಬಿಸಿನೀರಿಗೆ ಎಲೆ ಹಾಕಿ ಕಂಬಳಿ ಹೊದಿಸಿ ಕೂರಿಸುತ್ತಿದ್ದ ವಾಸನೆ. ಒಂದು ಒಣಗಿದ ಎಲೆ ಹಲಗೆ ಮೇಲೆ ಬಿದ್ದಿತ್ತು, ಕುಡುಗೋಲಿನ ಹಾಗೆ ಬಾಗಿದ್ದು. ಎತ್ತಿ ಬೆರಳಲ್ಲಿ ಉಜ್ಜಿದೆ. ನೀಲಗಿರಿ!

ಅಲ್ಲೇ ನಿಂತುಬಿಟ್ಟೆ. ಸುತ್ತ ನೋಡಿದರೆ ಮೇಲಿನವರೆಗೂ ಅದೇ ಮರ. ಸಿಪ್ಪೆ ಸುಲಿದು ನೇತಾಡುವ ಕಾಂಡ, ನುಣ್ಣನೆ ಬಿಳಿ ಮೈ. ನಮ್ಮ ಹೊಲದ ಬದುವಿನ ಮರ! ಕೆಲವು ಕಾಂಡಗಳು ಇದ್ದಿಲಾಗಿದ್ದವು. 2019-20ರ ಕಾಳ್ಗಿಚ್ಚಿನಲ್ಲಿ ಇಲ್ಲಿನ ವಿಶ್ವಪರಂಪರೆ ಪ್ರದೇಶದ ಸುಮಾರು ಶೇಕಡ 80 ಭಾಗಕ್ಕೆ ಬೆಂಕಿ ಬಿದ್ದಿತ್ತು ಅಂತ ಬಸ್ಸಿನಲ್ಲಿ ಹೇಳಿದ್ದರು. ಸುಟ್ಟ ಕಪ್ಪು ಮೈಯಿಂದಲೇ ಎಲೆ ಹೊರಟಿತ್ತು, ಕೊಂಬೆಯಿಂದಲ್ಲ, ಕಾಂಡದ ತುಂಬ ಗಡ್ಡ ಬೆಳೆದ ಹಾಗೆ. ನಮ್ಮ ಕಡೆ ರೈತರು ಕಡಿದ ನೀಲಗಿರಿಯ ಬುಡ ನೋಡಿ "ಇದರ ಮನೆ ಹಾಳಾಗ, ಕಡಿದಷ್ಟೂ ಚಿಗುರ್ತದೆ" ಅಂತ ಬೈಯುತ್ತಾರಲ್ಲ, ಅದೇ ಹಟ. ಅಲ್ಲಿ ಆ ಹಟಕ್ಕೇ ಕಾಡು ಉಳಿದಿದೆ.

ಎಲೆ ಮೂಸುತ್ತಾ ನಿಂತವನಿಗೆ ಟೈಮ್ ಎಲ್ಲಿ ನೆನಪಿರುತ್ತದೆ? ನಾವು ಕೇಬಲ್ ಕಾರಿನಲ್ಲಿ ಮೇಲೆ ಬಂದಾಗ ಹನ್ನೆರಡು ನಿಮಿಷ ತಡ. ಬಸ್ಸಿನ ತುಂಬ ಜನ ನಮ್ಮನ್ನೇ ನೋಡುತ್ತಿದ್ದರು. ನಾನು ಸಾರಿ ಅಂದು, ಕಾರಣ ಇರಲಿ ಅಂತ ಜೇಬಿನಿಂದ ಎಲೆ ತೆಗೆದು ತೋರಿಸಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಕಾಡಿನ ಎಲೆ ಕಾಡಿನಲ್ಲೇ ಇರಬೇಕು ಸಾರ್, ಅಂತ ಅವರು ಅದನ್ನು ಇಸಿದುಕೊಂಡು ಪಕ್ಕದ ಮರದ ಬುಡಕ್ಕೆ ಹಾಕಿದರು. ಬೈಯಲಿಲ್ಲ. ಯಾಕೆ ಅಷ್ಟು ಇಷ್ಟ ಆಯಿತು ಅಂತ ಕೇಳಿದರು.

ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಭಾಷೆಯಲ್ಲಿ ಈ ಮರದ ಹೆಸರು ನೀಲಗಿರಿ. ನೀಲ ಅಂದರೆ ಬ್ಲೂ, ಗಿರಿ ಅಂದರೆ ಮೌಂಟನ್. ಅವರು ಸ್ಟಿಯರಿಂಗ್ ಬಿಟ್ಟು ತಿರುಗಿ ಕೂತರು. ಬಸ್ಸು ನಿಂತೇ ಇತ್ತು, ಗಾಬರಿ ಬೇಡ. ಈ ಬೆಟ್ಟಗಳಿಗೆ ನೀಲಿ ಬಂದಿರುವುದೇ ಈ ಮರದಿಂದ ಅಂತ ಅವರು ಹೇಳಿದರು. ಇಲ್ಲಿ ತೊಂಬತ್ತಕ್ಕೂ ಜಾಸ್ತಿ ಜಾತಿಯ ನೀಲಗಿರಿ ಮರಗಳಿವೆ. ಎಲೆಯ ಎಣ್ಣೆ ಆವಿಯಾಗಿ ಗಾಳಿಯಲ್ಲಿ ಸೇರುತ್ತದೆ, ಬಿಸಿಲು ಅದರ ಮೇಲೆ ಬಿದ್ದು ಚದುರಿ ದೂರಕ್ಕೆ ನೀಲಿ ಮಬ್ಬು ಕಾಣುತ್ತದೆ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದರಲ್ಲೂ ಈ ಮರಗಳ ಪಾಲು ದೊಡ್ಡದು.

ನಮ್ಮಲ್ಲಿ ಅದು ತಿರುಗುಮುರುಗು ಅಲ್ವಾ? ಊಟಿಯ ನೀಲಗಿರಿ ಬೆಟ್ಟಕ್ಕೆ ಆ ಹೆಸರು ಮೊದಲೇ ಇತ್ತು. 1840ರ ದಶಕದಲ್ಲಿ ಆಸ್ಟ್ರೇಲಿಯಾದ ಈ ಮರವನ್ನು ಅಲ್ಲಿ ಸೌದೆಗೆಂದು ಬೆಳೆಸಿದರು, ಎಣ್ಣೆ ತೆಗೆದರು, ಬೆಟ್ಟದ ಹೆಸರು ಮರಕ್ಕೆ ಅಂಟಿತು. ಅದಕ್ಕೂ ಮೊದಲು 1790ರ ಸುಮಾರಿಗೆ ಟಿಪ್ಪು ಸುಲ್ತಾನ ನಮ್ಮ ನಂದಿ ಬೆಟ್ಟದ ತೋಟದಲ್ಲೇ ಹಾಕಿಸಿದ್ದ ಅನ್ನುತ್ತಾರೆ. ಆಮೇಲೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಿಗೆ ಬಂತು. ರಾಗಿ ಹೊಲಕ್ಕೆ ಆಳು ಸಿಗದವರು ನೀಲಗಿರಿ ನೆಟ್ಟು ಬೆಂಗಳೂರಿಗೆ ಹೋದರು. ಸೆಂಟ್ರಿಂಗ್ ಕಂಬಕ್ಕೆ, ಕಾಗದದ ಕಾರ್ಖಾನೆಗೆ ಮರ ಹೋಯಿತು, ಬೋರ್‌ವೆಲ್ ನೀರು ಪಾತಾಳಕ್ಕೆ ಇಳಿಯಿತು. ಬೋರ್‌ವೆಲ್ ಬತ್ತಿದ ತಪ್ಪನ್ನೆಲ್ಲ ಮರದ ತಲೆಗೇ ಕಟ್ಟೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ನಾವೂ ಕೊರೆದದ್ದು ಕಡಿಮೆಯಾ? ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಇಷ್ಟನ್ನೆಲ್ಲ ಅವರಿಗೆ ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ನಿಮ್ಮ ಮರ ನಮ್ಮ ನೀರೆಲ್ಲ ಕುಡಿಯಿತು ಅಂದೆ. ಇಲ್ಲೂ ಅದು ಕುಡಿಯುತ್ತದೆ, ಆದರೆ ಇಲ್ಲಿ ರಾಗಿ ಇಲ್ಲವಲ್ಲ ಅಂದರು.

ಮಧ್ಯಾಹ್ನ ಎರಡಕ್ಕೆ ಮತ್ತೆ ಎಕೋ ಪಾಯಿಂಟ್. ಇವಳು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನವನ್ನು ಬೆಂಚಿನ ಮೇಲೆ ಕೂತು ತಿನ್ನುತ್ತಿರುವಾಗ ಮಂಜು ಪರದೆ ಸರಿಸಿದ ಹಾಗೆ ಎಡಗಡೆಯಿಂದ ಹರಿಯಿತು. ಮೊದಲು ಒಬ್ಬಳು ಅಕ್ಕ, ಆಮೇಲೆ ಮೂವರೂ. ಹಳದಿ ಕಲ್ಲು, ಕೆಳಗೆ ಜೇಮಿಸನ್ ಕಣಿವೆ, ಅದರಾಚೆ ಅಂಚಿನ ಮೇಲೆ ಅಂಚು. ನೀಲಿ, ಇನ್ನೂ ತೆಳು ನೀಲಿ, ಕೊನೆಗೆ ಆಕಾಶ ಯಾವುದು ಕಾಡು ಯಾವುದು ತಿಳಿಯದ ನೀಲಿ. ಇವಳ ಕೈಯಲ್ಲಿ ಚಿತ್ರಾನ್ನದ ಚಮಚ ಹಾಗೇ ನಿಂತಿತ್ತು.

ಟೂರಿನ ಬಗ್ಗೆ ದೂರು ಇಲ್ಲವೇ ಅಂದರೆ ಇದೆ. ಲ್ಯೂರಾ ಅನ್ನೋ ಊರಿನ ಅಂಗಡಿ ಬೀದಿಗೆ ಪೂರ್ತಿ ಒಂದು ಗಂಟೆ ಕೊಟ್ಟರು, ವೆಂಟ್‌ವರ್ತ್ ಜಲಪಾತಕ್ಕೆ ಇಪ್ಪತ್ತು ನಿಮಿಷ. ಡಾರ್ವಿನ್ 1836ರಲ್ಲಿ ಬಂದು ನೋಡಿ ಬೆರಗಾದ ಜಾಗ ಅದು. ಅಲ್ಲಿ ಮಂಡಿ ನೋವಿನವರು ಮೆಟ್ಟಿಲು ಇಳಿಯುವಷ್ಟರಲ್ಲೇ ಟೈಮ್ ಮುಗಿಯಿತು. ನಿಮಗೆ ನಡೆಯುವ ಶಕ್ತಿ ಇದ್ದರೆ ರೈಲಿನಲ್ಲೇ ಹೋಗಿ. ಮೋಡ ನೋಡಿ ಪ್ಲಾನ್ ಬದಲಿಸುವವರು ಬೇಕು ಅಂದರೆ ಬಸ್ಸು. ಎರಡಕ್ಕೂ ಸ್ವೆಟರ್ ಮರೆಯಬೇಡಿ, ನಾನು ಮಂಕಿ ಕ್ಯಾಪ್ ಮರೆತು ಇವಳ ಶಾಲು ತಲೆಗೆ ಸುತ್ತಿಕೊಂಡಿದ್ದೆ.

ಆ ಲ್ಯೂರಾದ ಒಂದು ಗಂಟೆಯಲ್ಲಿ ನಡೆದದ್ದು ಇಷ್ಟು. ಚಳಿಗೆ ಇವಳಿಗೆ ಸೀನು ಹತ್ತಿತು. ವ್ಯಾನಿಟಿ ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಕರ್ಚೀಫಿಗೆ ಎರಡು ಹನಿ ಹಾಕಿಕೊಂಡಳು. ಊಟಿಯಲ್ಲಿ ಕೊಂಡ ನೀಲಗಿರಿ ಎಣ್ಣೆ. ಬಸ್ಸಿಗೆ ಒರಗಿ ಚಹಾ ಕುಡಿಯುತ್ತಿದ್ದ ಗೈಡ್ ಮೂಗರಳಿಸಿದರು. ಬಾಟಲಿ ಇಸಿದುಕೊಂಡು ಲೇಬಲ್ ನೋಡಿ, ಇದು ಇಲ್ಲಿಂದ ಹೋಗಿ ವಾಪಸ್ ಬಂದಿದೆಯಲ್ಲ ಅಂತ ಜೋರಾಗಿ ನಕ್ಕರು. ಎದುರಿನ ಅಂಗಡಿ ತೋರಿಸಿ, ಅಲ್ಲೂ ಸಿಗುತ್ತದೆ ಅಂದರು. ಇವಳು ಹೋಗಿ ನೋಡಿ ಬಂದಳು. ಅಷ್ಟೇ ಬಾಟಲಿ, ಹದಿನೈದು ಡಾಲರ್. ಮನಸ್ಸಿನಲ್ಲೇ ಗುಣಿಸಿ, ಬಾಯಿ ಮೇಲೆ ಕೈ ಇಟ್ಟುಕೊಂಡು, ನಮ್ಮ ಬಾಟಲಿಯ ಮುಚ್ಚಳ ಇನ್ನೊಂದು ಸುತ್ತು ಬಿಗಿ ಮಾಡಿದಳು.

ನಮಸ್ಕಾರ.